ದಡದ ನಂಬರ್ ಒನ್, ಬೋಟಿನ ನಂಬರ್ ಒನ್

ಬ್ರಹ್ಮಾವರ
12 ಫೆಬ್ರವರಿ 2025

ರತೀಶಣ್ಣ,

‘ಅಣ್ಣ’ ಎಂದು ಬರೆದು, ಗೀಚಿ ಹಾಕಿ, ಮತ್ತೆ ಬರೆದೆ. ಬೇರೆ ಏನೆಂದು ಕರೆಯಲಿ ನಿನ್ನನ್ನು? ಕೊಲೆಗಾರ ಎನ್ನೋಣವೆಂದರೆ ಅವನು ಸತ್ತಿಲ್ಲ. ಸಾಯಲಿಲ್ಲವಲ್ಲ ಎಂದು ನಿನಗೆ ಬೇಸರವಿದ್ದರೆ ಅದನ್ನೂ ಬರೆ.

ವಿಶಾಲನ ದವಡೆ ಎರಡು ಕಡೆ ಒಡೆದಿದೆ. ಮುಂದಿನ ಹಲ್ಲುಗಳು ಹೋಗಿವೆ. ಕೀಬೋರ್ಡ್ ನುಡಿಸುತ್ತಿದ್ದ ಬಲಗೈ ಬೆರಳುಗಳು ಜಜ್ಜಿಹೋಗಿವೆ. ಡಾಕ್ಟರು ಬಾಯಿಗೆ ತಂತಿ ಹಾಕಿ ಕಟ್ಟಿದ್ದಾರೆ. ಮುಂದೆ ಹಾಡುತ್ತಾನಾ ಎಂದು ಕೇಳಿದರೆ, ಮೊದಲು ಗಂಜಿ ಕುಡಿಯಲಿ ಎನ್ನುತ್ತಾರೆ.

ಎಲ್ಲವನ್ನೂ ನನ್ನ ಕಣ್ಣೆದುರೇ ಮಾಡಿದೆ. ನಾನು ರೇಡಿಯೋದಲ್ಲಿ ಭಾನುವಾರದ ‘ವಾರದ ಹತ್ತು’ ಮುಗಿಸಿ, ನವರಾತ್ರಿಯಿಂದ ಮೊದಲ ಸ್ಥಾನ ಬಿಡದ ಅವನ ‘ಬಪ್ಪ ವರ್ಷ’ ಹಾಡನ್ನು ಕೊನೆಗೆ ಹಾಕಿ, ಸ್ಟುಡಿಯೋದಿಂದ ಹೊರಗೆ ಬಂದೆ. ಅವನು ಗೇಟಿನ ಹತ್ತಿರ ನನಗಾಗಿ ಕಾಯುತ್ತಿದ್ದ. ನೀನು ಬೋಟಿನಿಂದ ನೇರ ಬಂದಿದ್ದೆ, ಕೈಮೇಲೆ ಮೀನಿನ ಹುರುಪೆ ಹಾಗೇ ಅಂಟಿತ್ತು. ಲುಂಗಿಯಲ್ಲಿ ಸುತ್ತಿ ತಂದದ್ದು ಐಸ್ ಒಡೆಯುವ ಕಬ್ಬಿಣದ ಸರಳು ಎಂದು ನನಗೆ ಗೊತ್ತಾಗುವ ಹೊತ್ತಿಗೆ ಮೊದಲ ಪೆಟ್ಟು ಬಿದ್ದಾಗಿತ್ತು. ಅವನು ಬಿದ್ದ ಮೇಲೂ ಹೊಡೆದೆ. ಬಾಯಿಯನ್ನೇ ಹುಡುಕಿ ಹುಡುಕಿ ಹೊಡೆದೆ. ನಾನು ತೋಳಿಗೆ ಜೋತುಬಿದ್ದರೆ ನನ್ನನ್ನೂ ಕೊಡವಿ ಬಿಸಾಡಿದೆ. “ಬಿಡ್ ಹೆಣೆ, ನಿಂಗ್ ಗೊತ್ತಿಲ್ಲೆ” ಎಂದದ್ದೊಂದೇ ನಿನ್ನ ಬಾಯಿಂದ ಬಂದ ಮಾತು.

ಏನು ಗೊತ್ತಿಲ್ಲ ನನಗೆ? ಎಪ್ರಿಲಿನಲ್ಲಿ ನನ್ನದೂ ವಿಶಾಲನದೂ ಮದುವೆಯೆಂದು ಕಿರಿಮಂಜೇಶ್ವರದಲ್ಲಿ ಹಾಲ್ ನೋಡಿ ಬಂದವನು ನೀನೇ. ಭಾವ ಭಾವ ಎಂದು ಅವನಿಗೆ ಬಂಗುಡೆ ಆರಿಸಿ ಕಳಿಸುತ್ತಿದ್ದವನೂ ನೀನೇ. ಈಗ ಪೊಲೀಸರ ಹತ್ತಿರ, ಅವನ ಮುಖ ಕಂಡರೆ ಆಗುವುದಿಲ್ಲ ಎಂದೆಯಂತೆ.

ಈ ಕೇಸಿಗೆ ನಾನೇ ಮೊದಲ ಸಾಕ್ಷಿ. ಕಂಡದ್ದನ್ನು ಕಂಡ ಹಾಗೆ ಹೇಳುತ್ತೇನೆ. ಕಾರಣವಿದ್ದರೆ ಬರೆ, ಇಲ್ಲದಿದ್ದರೆ ಕಾಗದ ಹಾಳು ಮಾಡಬೇಡ.

ನಿನ್ನ ತಂಗಿಯಾಗಿ ಹುಟ್ಟಿದ
ಪ್ರೇಕ್ಷಾ


ಜೈಲು
24 ಫೆಬ್ರವರಿ 2025

ಪ್ರೇಕ್ಷಾ,

ಕಾಗದ ಬಂತು. ಇಲ್ಲಿ ಒಡೆದು ಓದಿಯೇ ಕೊಡುವುದು, ನೋಡಿಕೊಂಡು ಬರೆ.

ಹೊಡೆದೆ. ಇಲ್ಲವೆಂದು ಯಾರಿಗೂ ಹೇಳಿಲ್ಲ. ಸಾಕ್ಷಿ ಹೇಳು, ನನಗೆ ಕೋಪವಿಲ್ಲ. ಆದರೆ ಅವನನ್ನು ಮದುವೆಯಾಗಬೇಡ. ಕಾರಣವನ್ನೂ ಕೇಳಬೇಡ. ನಾನು ಈ ಎರಡೇ ಬೇಡುವುದು.

ಇಲ್ಲಿ ಮುತ್ತು ಎಂಬವನೊಬ್ಬ ಇದ್ದಾನೆ, ಗಂಗೊಳ್ಳಿಯಲ್ಲಿ ಬೇರೆ ಬೋಟಿಗೆ ಹೋಗುತ್ತಿದ್ದವನು. ನಿನ್ನೆ ತಟ್ಟೆ ತೊಳೆಯುತ್ತ ಒಂದು ಹಾಡು ಗುನುಗಿದ. ನಿಲ್ಲಿಸು ಎಂದೆ. ಅವನು ಹಲ್ಲು ಕಿರಿದು ಇನ್ನೂ ಜೋರಾಗಿ ಹಾಡಿದ. ತಲೆ ಹಿಡಿದು ನೀರಿನ ತೊಟ್ಟಿಗೆ ಬಡಿದೆ, ಹಣೆ ಸೀಳಿತು. ಆಮೇಲೆ ವಾರ್ಡನ್ ನನ್ನ ಪಾದಕ್ಕೆ ಹೊಡೆದ ಹೊಡೆತಕ್ಕೆ ಇವತ್ತು ನೆಲ ಊರಲು ಆಗುತ್ತಿಲ್ಲ. ಬೇರೆ ಕೋಣೆಗೆ ಹಾಕಿದ್ದಾರೆ. ಒಳ್ಳೆಯದೇ ಆಯಿತು, ಇಲ್ಲಿ ಹಾಡುವವರು ಯಾರೂ ಇಲ್ಲ.

ಅಮ್ಮನಿಗೆ ಒಣಮೀನಿನ ಬುಟ್ಟಿ ಹೊರಲು ಬಿಡಬೇಡ.

ರತೀಶ್


ಬ್ರಹ್ಮಾವರ
17 ಮಾರ್ಚ್ 2025

ರತೀಶಣ್ಣ,

ಕಾರಣ ಬರೆ ಎಂದರೆ ಇನ್ನೊಬ್ಬನ ತಲೆ ಒಡೆದ ಸುದ್ದಿ ಬರೆಯುತ್ತೀ. ‘ಬಪ್ಪ ವರ್ಷ’ವನ್ನು ಯಾರಾದರೂ ಗುನುಗಿದರೂ ನಿನಗೆ ಉರಿಯುತ್ತದಾ? ಮುಂಬೈಗೆ ಹೋದ ಗಂಡ ಮುಂದಿನ ವರ್ಷ ಬರುತ್ತಾನೆಂದು ಕಾಯುವ ಹೆಂಗಸಿನ ಹಾಡು ಅದು. ಅದರಲ್ಲಿ ತಲೆ ಒಡೆಯುವಂಥದ್ದು ಏನಿದೆ ಮಾರಾಯ?

ವಿಶಾಲನನ್ನು ಬಾರ್ಕೂರಿನ ಮನೆಗೆ ಕರೆತಂದಿದ್ದಾರೆ. ಬಾಯಿ ಇನ್ನೂ ಬಿಗಿದೇ ಇದೆ. ನಳಿಗೆಯಲ್ಲಿ ಗಂಜಿ ತಿಳಿ ಕುಡಿಸುತ್ತೇನೆ, ಹೇಳಬೇಕಾದ್ದನ್ನು ಎಡಗೈಯಿಂದ ಸ್ಲೇಟಿನ ಮೇಲೆ ಬರೆಯುತ್ತಾನೆ. ಮದುವೆ ಮಳೆಗಾಲ ಕಳೆದ ಮೇಲೆ ಎಂದು ಹಿರಿಯರು ಹೇಳಿದ್ದಾರೆ. ಮಾಡಿಕೊಳ್ಳುತ್ತೇನೆ, ನಿನ್ನ ಅಪ್ಪಣೆ ನನಗೆ ಬೇಕಿಲ್ಲ.

ಹೋದ ಭಾನುವಾರ ಗಂಗೊಳ್ಳಿಯ ಮೀನು ಮಾರುವ ಸುಂದರಿ ನೇರ ಪ್ರಸಾರದಲ್ಲೇ ನನ್ನ ಮುಖಕ್ಕೆ ಮಂಗಳಾರತಿ ಎತ್ತಿದಳು. “ಹ್ವಾಯ್ ಪ್ರೇಕ್ಷಾ, ಒಂದ್ನೇ ನಂಬ್ರ್ ಒಂದ್ನೇ ನಂಬ್ರ್ ಅಂದ್ಕಂಡ್ ಬಡ್ಕಂತ್ರ್ಯಲೆ, ನಮ್ಮನಿಯವ್ರ ಬೋಟಂಗೆ ಆ ಹಾಡೇ ಇಲ್ಲೆ ಅಂಬ್ರ್. ಯಾರನ್ ಕೇಂಡ್ ಕೊಟ್ಟದ್ ನಂಬ್ರ್?” ಎಂದಳು. ನಾನು ನಕ್ಕು ಫೋನ್ ಇಟ್ಟೆ. ಆದರೆ ಆ ಮಾತು ತಲೆಯಿಂದ ಹೋಗಲೊಲ್ಲದು.

ನಮ್ಮ ಪಟ್ಟಿ ಎಂದರೆ ಎಂತ? ವಾರದಲ್ಲಿ ಯಾವ ಹಾಡನ್ನು ಎಷ್ಟು ಸಲ ಹಾಕಿದೆವು, ಯಾವುದಕ್ಕೆ ಎಷ್ಟು ಫೋನ್ ಬಂತು, ಅಷ್ಟೆ. ನಾವು ಹಾಕಿದ್ದನ್ನೇ ಜನ ಕೇಳುತ್ತಾರೆ, ಜನ ಕೇಳಿದರೆಂದು ನಾವು ಮತ್ತೆ ಹಾಕುತ್ತೇವೆ. ಗೇರುಬೀಜದ ಫ್ಯಾಕ್ಟರಿಯಲ್ಲಿ ಸಿಪ್ಪೆ ತೆಗೆಯುವವರು, ಬೀಡಿ ಕಟ್ಟುವವರು, ಅಡುಗೆಮನೆಯಲ್ಲಿರುವವರು, ಹೆಚ್ಚು ಕಡಿಮೆ ಎಲ್ಲ ಹೆಂಗಸರೇ. ಯಾರೂ ಹಾಡಿಗೆಂದು ಒಂದು ಕಾಸು ಬಿಚ್ಚಿದವರಲ್ಲ. ದುಡ್ಡು ಕೊಟ್ಟು ಕೊಳ್ಳುವವರ ಪಟ್ಟಿ ಬೇರೆಯೇ ಇರಬೇಕಲ್ಲ? ಗಂಗೊಳ್ಳಿಯ ಬಂದರಿನಲ್ಲಿ ಅಂಗಡಿಯಿಟ್ಟ ಪ್ರೇಮಾನಂದ ಬೋಟುಗಳಿಗೆ ಪೆನ್‌ಡ್ರೈವ್ ತುಂಬಿಸಿಕೊಡುತ್ತಾನೆ. ಅಲ್ಲಿ ಯಾವ ಹಾಡು ಹೆಚ್ಚು ಮಾರಾಟವಾಗುತ್ತದೆಂದು ಕೇಳಿ ಬಂದು, ಒಂದು ಭಾನುವಾರ ಎರಡು ಪಟ್ಟಿಯನ್ನೂ ಒಟ್ಟಿಗೆ ಓದಬೇಕೆಂದಿದ್ದೇನೆ.

ಇದನ್ನು ವಿಶಾಲನಿಗೆ ಹೇಳಿದೆ. ಸ್ಲೇಟಿನಲ್ಲಿ ‘ಬೇಡ’ ಎಂದು ಬರೆದ. ಯಾಕೆ ಎಂದೆ. ಸ್ಲೇಟನ್ನೇ ಎತ್ತಿ ಗೋಡೆಗೆ ಅಪ್ಪಳಿಸಿದ. ಚೂರು ಹಾರಿ ನನ್ನ ಹುಬ್ಬು ಸೀಳಿ, ರಕ್ತ ಕಣ್ಣೊಳಗೆ ಇಳಿಯಿತು. ನೋವಿನಲ್ಲಿರುವವನು, ತಾಳಿಕೋ ಮಗಾ ಎಂದರು ಅವನ ತಾಯಿ. ಹೊಲಿಗೆ ಹಾಕಿಸಿಕೊಂಡು ಬಂದೆ. ಆ ಕೋಪಕ್ಕೂ ನೀನೇ ಕಾರಣ.

ಪ್ರೇಕ್ಷಾ


ಜೈಲು
2 ಎಪ್ರಿಲ್ 2025

ಪ್ರೇಕ್ಷಾ,

ಅವನ ಎಡಗೈ ಬಿಟ್ಟದ್ದು ನನ್ನ ತಪ್ಪು.

ಪ್ರೇಮಾನಂದನ ಅಂಗಡಿಗೆ ಹೋಗಬೇಡ. ಹೋದೆ ಎಂದು ಗೊತ್ತಾದರೆ ಹೊರಗೆ ಬಂದ ದಿನ ನಿನ್ನ ಕಾಲೂ ಮುರಿಯುತ್ತೇನೆ. ತಮಾಷೆಗೆ ಹೇಳುತ್ತಿಲ್ಲ. ನಿನ್ನ ಪಟ್ಟಿ ನಿನಗಿರಲಿ. ದಡದವರು ದಡದ್ದು ಕೇಳಲಿ, ಬೋಟಿನವರು ಬೋಟಿನದು ಕೇಳಲಿ. ಕೋಡಿಯ ದೀಪಸ್ತಂಭ ಮರೆಯಾದ ಮೇಲೆ ರೇಡಿಯೋದಲ್ಲಿ ಬರೀ ಕರಕರ ಸದ್ದು. ಅದಕ್ಕೇ ನಾವು ಹಾಡು ಕೊಳ್ಳುವುದು. ಮೀನು ಇಳಿಸಿ ಮನೆಗೆ ಬಂದರೆ ಹೆಣದ ಹಾಗೆ ಮಲಗುತ್ತೇವೆ, ನಿನ್ನ ದನಿ ಹೇಗಿದೆ ಎಂದೂ ಅಲ್ಲಿ ಮುಕ್ಕಾಲು ಜನರಿಗೆ ಗೊತ್ತಿಲ್ಲ. ಗೊತ್ತಿಲ್ಲದಿರುವುದೇ ಒಳ್ಳೆಯದು.

ವಕೀಲರು ಬಂದಿದ್ದರು. ಕೊಲೆ ಯತ್ನದ ಕೇಸು, ಹೀಗೇ ಬಾಯಿ ಮುಚ್ಚಿ ಕೂತರೆ ವರ್ಷಗಟ್ಟಲೆ ಒಳಗೆ ಎಂದರು. ಇರುತ್ತೇನೆ. ಕಾರಣ ಹೇಳಿದರೆ ಕಡಿಮೆಯಾಗಬಹುದಂತೆ. ಹೇಳುವುದಿಲ್ಲ. ನಿನ್ನ ಕಾಲು ಹಿಡಿಯುತ್ತೇನೆ, ಹೋಗಬೇಡ.

ರತೀಶ್


ಮರವಂತೆ
6 ಮೇ 2025

ರತೀಶಣ್ಣ,

ಹೋದೆ. ಬಂದು ಕಾಲು ಮುರಿ.

ಪ್ರೇಮಾನಂದ ಒಳ್ಳೆಯ ಮನುಷ್ಯ. ಕುರ್ಚಿ ಹಾಕಿ, ಸೋಡಾ ತರಿಸಿ, ಹೆಚ್ಚು ಹೋಗುವ ಹಾಡುಗಳನ್ನು ಬೆರಳು ಮಡಚುತ್ತ ಹೇಳಿದ. ‘ಬಪ್ಪ ವರ್ಷ’ವನ್ನು ಯಾರೂ ಕೇಳುವುದೇ ಇಲ್ಲವಂತೆ. ದೀಪಾವಳಿ ಕಳೆದ ಮೇಲೆ ಬಂದ ‘ನಗ್ ಕಾಂಬ’ ಎಂಬುದೇ ಎಲ್ಲಕ್ಕಿಂತ ಮುಂದೆ, ಅದಿಲ್ಲದ ಪೆನ್‌ಡ್ರೈವ್ ವಾಪಸ್ ಬರುತ್ತದಂತೆ. ಹಾಡಿದವನು ವಿಶಾಲನೇ. ನಾನು ಹೆಸರೇ ಕೇಳದ ಹಾಡು. ಹಾಕಿ ಎಂದೆ.

“ಬ್ಯಾಡ ತಂಗಿ, ಅದ್ ಗಂಡ್ಸ್ರಿಗ್ ಮಾಡಿದ್ ಹಾಡ್. ಯೂಟ್ಯೂಬಿಗೂ ಹಾಕ್ಲಿಲ್ಲ ಅವ. ಬೋಟಿಗ್ ಮಾತ್ರ.”

“ದುಡ್ಡ್ ಕೊಡ್ತೆ, ಹಾಕಿ.”

ಹೆಡ್‌ಫೋನ್ ಕೊಟ್ಟು ಆಚೆ ಮುಖ ಮಾಡಿ ಕುಳಿತ. ಸಾಲುಗಳನ್ನು ಇಲ್ಲಿ ಬರೆಯುವುದಿಲ್ಲ, ನೀನೂ ಕೇಳಿದ್ದೀ. ಒಬ್ಬ ಗಂಡಸು ಒಬ್ಬ ಹುಡುಗಿಯನ್ನು ಏನೇನು ಮಾಡುತ್ತೇನೆಂದು ಹೇಳುತ್ತಾ ಹೋಗುತ್ತಾನೆ. ಪ್ರತಿ ಸಾಲಿನ ಕೊನೆಗೂ ‘ನಗು ನೋಡೋಣ’ ಎನ್ನುತ್ತಾನೆ, ಆ ಹುಡುಗಿ ನಗುತ್ತಾಳೆ. ಕೊನೆಗೆ “ಹ್ವಾಯ್, ಕೇಣಿ ಕಾಂಬ” ಎನ್ನುತ್ತಾಳೆ. ನಗು ನನ್ನದು. ಮಾತು ನನ್ನದು. ಪ್ರತಿ ಭಾನುವಾರ ಕೇಳುಗರನ್ನು ಕರೆದು, ಕೇಳಿ ನೋಡೋಣ ಎಂದು ನಾನು ಕಾರ್ಯಕ್ರಮ ಶುರು ಮಾಡುವ ಮಾತು.

ಆ ನಗು ಯಾವಾಗಿನದೆಂದೂ ನೆನಪಾಯಿತು. ‘ಬಪ್ಪ ವರ್ಷ’ ರೆಕಾರ್ಡ್ ಮಾಡಿದ ದಿನ ಅವನು ಬಾರ್ಕೂರಿನ ತನ್ನ ರೆಕಾರ್ಡಿಂಗ್ ಕೋಣೆಯಲ್ಲಿ ಚಹಾ ಚೆಲ್ಲಿಕೊಂಡು ಅಂಗಿ ಕೊಡವುತ್ತ ಕುಣಿದ. ನಾನು ಹೊಟ್ಟೆ ಹಿಡಿದು ನಕ್ಕೆ. ಮೈಕು ಆನ್ ಇತ್ತು.

ಹುಡುಗಿ ಯಾರು ಎಂದು ಪ್ರೇಮಾನಂದನನ್ನು ಕೇಳಿದೆ. ಯಾರೋ ಬಾಂಬೆಯವಳು ಎಂದಿದ್ದನಂತೆ ವಿಶಾಲ. ನಾನು ಎದ್ದು ನಿಂತು, ರೇಡಿಯೋದಲ್ಲಿ ಹೇಳುವ ಹಾಗೇ ಹೇಳಿದೆ: “ಹ್ವಾಯ್, ಕೇಣಿ ಕಾಂಬ.” ಆ ಮನುಷ್ಯನ ಕೈಯಲ್ಲಿದ್ದ ಸೋಡಾ ಬಾಟಲಿ ನೆಲಕ್ಕೆ ಬಿತ್ತು. ದಿನವಿಡೀ ಪೆನ್‌ಡ್ರೈವ್ ಹಾಡು ಕೇಳುವವನಿಗೆ ರೇಡಿಯೋ ಎಲ್ಲಿಂದ ಕೇಳಬೇಕು? ಆ ಹಾಡನ್ನು ಒಂದು ಪೆನ್‌ಡ್ರೈವಿಗೆ ತುಂಬಿಸಿಕೊಂಡು, ದುಡ್ಡು ಎಣಿಸಿಟ್ಟು ಹೊರಗೆ ಬಂದೆ.

ಅಲ್ಲಿಂದ ಬಾರ್ಕೂರಿಗೆ ಹೋದೆ. ವಿಶಾಲನ ತಂತಿ ಸಡಿಲಿಸಿದ್ದಾರೆ, ಹಲ್ಲು ಕಚ್ಚಿಕೊಂಡೇ ಮಾತಾಡುತ್ತಾನೆ. ಹೆದರುತ್ತಾನೆಂದುಕೊಂಡಿದ್ದೆ. ಹೆದರಲಿಲ್ಲ, ನನಗೆ ಬುದ್ಧಿ ಹೇಳಿದ. “ರೇಡಿಯೋಕ್ ಬ್ಯಾರೆ, ಬೋಟಿಗ್ ಬ್ಯಾರೆ. ಎರಡೂ ಯಾವತ್ತೂ ಒಟ್ಟಾತಿಲ್ಲೆ. ರೇಡಿಯೋದಂಗೆ ಹೆಸ್ರ್ ಬತ್ತ್, ಹೆಸ್ರ್ ಬೇಯ್ಸ್ಕಂಡ್ ತಿಂಬುಕಾತ್ತಾ? ನಿನ್ ದನಿ ಗೊತ್ತಿಪ್ಪವ್ರ್ ಆ ಹಾಡ್ ಕೇಂತಿಲ್ಲೆ, ಹಾಡ್ ಕೇಂಬವ್ರಿಗೆ ನಿನ್ ದನಿ ಗೊತ್ತಿಲ್ಲೆ. ನಿನ್ನಣ್ಣ ಒಬ್ಬ ಇಲ್ದಿರೆ ಯಾರಿಗ್ ಗೊತ್ತಾತಿತ್?” ಎಂದ.

ಗಂಜಿಯ ಸ್ಟೀಲ್ ಚೊಂಬು ಕೈಗೆ ಸಿಕ್ಕಿತು. ಕೂಡಿಕೊಳ್ಳುತ್ತಿದ್ದ ದವಡೆಯ ಮೇಲೆಯೇ ಹೊಡೆದೆ. ಟಕ್ ಎಂದಿತು. ಅವನು ಹಾಸಿಗೆಯಿಂದ ಜಾರಿ ನೆಲದಲ್ಲಿ ಹೊರಳಿದ. ಆ ಶಬ್ದ ಕೇಳಿ ನನಗೆ ಹಿತವಾಯಿತು ಅಣ್ಣ, ಸುಳ್ಳು ಹೇಳುವುದಿಲ್ಲ. ಇನ್ನೊಂದು ಹೊಡೆಯುತ್ತಿದ್ದೆ, ಅವನ ತಾಯಿ ಅಡ್ಡ ಬಂದರು. ಉಂಗುರ ತೆಗೆದು ಚೊಂಬಿನೊಳಗೆ ಹಾಕಿ ಬಂದೆ.

ಮರವಂತೆಗೆ, ಅಮ್ಮನ ಹತ್ತಿರ ಬರುವಾಗ ನಿನ್ನನ್ನು ಬಯ್ದದ್ದೆಲ್ಲ ನೆನೆದು ಬಸ್ಸಿನಲ್ಲಿ ಅತ್ತೆ. ತಪ್ಪಾಯಿತು ಎಂದು ಬರೆಯಲು ಕೂತವಳು, ಅದಕ್ಕೆ ಮೊದಲು ನಿನ್ನ ತಂಡೇಲ ಐತಣ್ಣನನ್ನು ನೋಡಿ ಬರೋಣವೆಂದು ಹೋದೆ. ಬೋಟು ನಡೆಸುವವನು, ಆ ದಿನ ನಿನಗೆ ಏನಾಯಿತೆಂದು ಅವನಿಗಲ್ಲದೆ ಯಾರಿಗೆ ಗೊತ್ತು. ಹೋಗದಿದ್ದರೆ ಒಳ್ಳೆಯದಿತ್ತು.

“ಎಂಜಿನ್ ಸದ್ದಂಗೆ ಹಾಡ್ ಎಂತದೂ ಕೇಂತಿಲ್ಲೆ ತಂಗಿ. ನಗು ಮಾತ್ರ ಕೇಂತಿತ್. ನಗು ಬಂದ್ ಕೂಡ್ಲೆ ಎಲ್ರೂ ಒಟ್ಟಿಗ್ ಹಗ್ಗ ಎಳುದ್. ಬಲೆ ಎಳುಕೆ ಅಷ್ಟ್ ಒಳ್ಳೆ ಹಾಡ್ ಬ್ಯಾರೆ ಇಲ್ಲೆ” ಎಂದ. ಎಲ್ಲರೂ ದುಡ್ಡು ಹಾಕಿದರಂತೆ. ಅಂಗಡಿಗೆ ಹೋಗಿ ತುಂಬಿಸಿ ತಂದವನು ನೀನಂತೆ. ಆ ದಿನ ಬಲೆ ಅರ್ಧ ಮೇಲೆ ಬಂದಾಗ ಎಂಜಿನ್ ನಿಂತಿತಂತೆ. ಆಗ ಹಾಡು ಸ್ಪಷ್ಟ ಕೇಳಿತಂತೆ. ನೀನು ಹಗ್ಗ ಬಿಟ್ಟೆಯಂತೆ, ಹಗ್ಗ ಓಡಿ ಪಕ್ಕದವನ ಅಂಗೈ ಮೂಳೆಯವರೆಗೆ ಕೊಯ್ದಿತಂತೆ. ನೀನು ತಿರುಗಿಯೂ ನೋಡದೆ ಐಸ್ ಒಡೆಯುವ ಸರಳು ಹುಡುಕಿದೆಯಂತೆ.

ದೀಪಾವಳಿಯಿಂದ ಅಲ್ಲಿಯವರೆಗೆ ನನ್ನ ನಗುವಿಗೆ ಬಲೆ ಎಳೆದೆ. ಆ ಹುಡುಗಿ ಬೇರೆ ಯಾರೋ ಆಗಿದ್ದಾಗ ನಿನಗೆ ಹಿತವಾಗಿತ್ತಾ? ಒಂದೇ ಮಾತಿನಲ್ಲಿ ಬರೆ.

ಪ್ರೇಕ್ಷಾ


ಮರವಂತೆ
23 ಜೂನ್ 2025

ರತೀಶಣ್ಣ,

ನೀನು ಬರೆಯಲಿಲ್ಲ. ಕಾಯುವುದನ್ನು ಬಿಟ್ಟೆ.

ನಿನ್ನೆ ಎರಡು ಪಟ್ಟಿಯನ್ನೂ ಓದಿದೆ. ಬೇಕೆಂದೇ ಜೂನ್ ಬರುವವರೆಗೆ ತಡೆದೆ. ಮಳೆಗಾಲಕ್ಕೆ ಮೀನುಗಾರಿಕೆ ಬಂದ್, ಬೋಟೆಲ್ಲ ದಡದಲ್ಲಿ, ಗಂಡಸರೆಲ್ಲ ಮನೆಯಲ್ಲಿ. ವರ್ಷದಲ್ಲಿ ಅವರಿಗೆ ರೇಡಿಯೋ ಕೇಳುವುದು ಈಗ ಮಾತ್ರ.

ಮೊದಲು ದಡದ ಪಟ್ಟಿ ಓದಿದೆ. ನೀವು ಕೇಳಿದ್ದು ಇದು, ಇದಕ್ಕೆ ನೀವು ದುಡ್ಡು ಕೊಟ್ಟಿಲ್ಲ ಎಂದೆ. ಆಮೇಲೆ ಬೋಟಿನ ಪಟ್ಟಿ ಓದಿದೆ. ನಿಮ್ಮ ಮನೆಯವರು ದುಡ್ಡು ಕೊಟ್ಟು ಕೊಂಡದ್ದು ಇದು, ಇದನ್ನು ನೀವು ಕೇಳಿಲ್ಲ ಎಂದೆ. ಮೊದಲ ಸ್ಥಾನ ‘ನಗ್ ಕಾಂಬ’, ಹಾಡಿದವರು ಬಾರ್ಕೂರಿನ ವಿಶಾಲ್. ಅದರಲ್ಲಿ ನಗುವ ಹುಡುಗಿ ಬಾಂಬೆಯವಳಲ್ಲ, ನಾನು. ನನ್ನನ್ನು ಕೇಳದೆ ನನ್ನ ನಗುವನ್ನು ಕೊಯ್ದು ಅಂಟಿಸಿದ್ದಾರೆ. ಈ ಹಾಡನ್ನು ರೇಡಿಯೋದಲ್ಲಿ ಹಾಕುವ ಹಾಗಿಲ್ಲ. ಅದು ಎಷ್ಟು ಉದ್ದವಿದೆಯೋ ಅಷ್ಟು ಹೊತ್ತು ರೇಡಿಯೋ ಸುಮ್ಮನಿರುತ್ತದೆ. ಹಾಡಿನಲ್ಲಿ ಏನಿದೆ ಎಂದು ಪಕ್ಕದಲ್ಲಿ ಕೂತವರನ್ನು ಕೇಳಿ ಎಂದೆ.

ಆಮೇಲೆ ಮೈಕಿನ ಮುಂದೆ ಬಾಯಿ ಮುಚ್ಚಿ ಕುಳಿತೆ. ಮ್ಯಾನೇಜರರು ಗಾಜಿನ ಆಚೆ ನಿಂತು ಕೈ ಬಡಿದರು, ಬಾಗಿಲು ಒದ್ದರು. ಚಿಲಕ ಹಾಕಿಕೊಂಡಿದ್ದೆ. ಏಳಲಿಲ್ಲ.

ಸುಂದರಿ ಮೊದಲು ಫೋನ್ ಮಾಡಿದಳು. “ಹಾಡ್ ಹಾಕ್ದೆ ಇದ್ದದ್ದೇ ಒಳ್ಳೆದಾಯ್ತ್ ಹೆಣೆ. ನಮ್ಮನಿಯವ್ರ ಮುಖ ಕಂಡೆ. ಮುಖದಂಗೇ ಎಲ್ಲಾ ಇತ್ತ್” ಎಂದಳು. ಪೆನ್‌ಡ್ರೈವನ್ನು ಅರೆಯುವ ಕಲ್ಲಿನ ಮೇಲಿಟ್ಟು ಗುಂಡುಕಲ್ಲಿನಲ್ಲಿ ಜಜ್ಜಿದಳಂತೆ. ಗಂಡ ತಡೆಯಲು ಬಂದಾಗ ಅವನ ಬೆರಳೂ ಸಿಕ್ಕಿಕೊಂಡಿತಂತೆ. ನಮ್ಮ ಅಮ್ಮ ಮೀನು ಕೊಯ್ಯುವ ಕತ್ತಿ ಹಿಡಿದು ಐತಣ್ಣನ ಅಂಗಳದಲ್ಲಿ ನಿಂತು, “ನಂಗ್ ಎಂತದೂ ಹೇಳೂಕ್ ಬ್ಯಾಡ, ಬೋಟಿನ್ ಪೆನ್‌ಡ್ರೈವ್ ತಾ” ಎಂದಳಂತೆ. ಅವನು ತಂದುಕೊಟ್ಟ. ಒಂದೇ ಏಟಿಗೆ ಎರಡು ತುಂಡು ಮಾಡಿ ಕಡಲಿಗೆ ಎಸೆದು ಬಂದಳು.

ಎಲ್ಲ ಕಡೆ ಹೀಗಾಗಲಿಲ್ಲ. ಗೇರುಬೀಜದ ಫ್ಯಾಕ್ಟರಿಯ ನಾಗು, ಅದೆಂತ ಹಾಡು ಎಂದು ಕೇಳಿದ್ದಕ್ಕೆ ಗಂಡ ಬೆಲ್ಟಿನಲ್ಲಿ ಬಾರಿಸಿದ. ಬೆನ್ನು ತೋರಿಸಿದಳು, ನೋಡಲಾಗಲಿಲ್ಲ. ಇವತ್ತು ಬೆಳಿಗ್ಗೆ ಹೆಂಗಸರ ಗುಂಪೊಂದು ಬಾರ್ಕೂರಿಗೆ ಹೋಗಿ ವಿಶಾಲನ ರೆಕಾರ್ಡಿಂಗ್ ಕೋಣೆ ಪುಡಿ ಮಾಡಿದೆ. ಕಂಪ್ಯೂಟರನ್ನು ಬಾವಿಗೆ ಹಾಕಿದರಂತೆ. ಅಡ್ಡ ಬಂದ ಅವನ ತಾಯಿಗೂ ಪೆಟ್ಟು ಬಿತ್ತು. ಅದು ನನಗೆ ಬೇಡವಾಗಿತ್ತು. ಆದರೆ ಶುರು ಮಾಡಿದವಳು ನಾನೇ, ಎಲ್ಲಿ ನಿಲ್ಲಬೇಕೆಂದು ಈಗ ನಾನು ಹೇಳಿದರೆ ಯಾರು ಕೇಳುತ್ತಾರೆ?

ಜುಲೈ ಹದಿನಾಲ್ಕಕ್ಕೆ ಕುಂದಾಪುರದ ಕೋರ್ಟಿನಲ್ಲಿ ನನ್ನ ಸಾಕ್ಷಿ. ಹಾಡನ್ನು ಕೊಡುತ್ತೇನೆ, ಜಡ್ಜ್ ಎದುರು ಎಲ್ಲರ ಮುಂದೆ ಹಾಕಲಿ. ಅದರಿಂದ ನಿನ್ನ ಶಿಕ್ಷೆ ಇಳಿಯಬಹುದು ಎನ್ನುತ್ತಾರೆ ವಕೀಲರು. ನಿನ್ನ ಪಾಲಿನ ದುಡ್ಡಿನ ಮಾತು ಮಾತ್ರ ಎತ್ತಬೇಡ, ತಂಗಿಯ ಮಾನಕ್ಕಾಗಿ ಹೊಡೆದ ಎಂದಷ್ಟೇ ಹೇಳು ಎನ್ನುತ್ತಾರೆ. ಅರ್ಧ ಹೇಳಲು ನನ್ನಿಂದ ಆಗುವುದಿಲ್ಲ ಅಣ್ಣ. ನಿನ್ನ ಮೇಲೆ ಜೀವವಿದೆ, ಆದರೂ ಆಗುವುದಿಲ್ಲ.

ಪ್ರೇಕ್ಷಾ


ಜೈಲು
1 ಜುಲೈ 2025

ಪ್ರೇಕ್ಷಾ,

ಭಾನುವಾರ ಬೆಳಿಗ್ಗೆ ಇಲ್ಲಿ ಅಂಗಳದಲ್ಲಿ ರೇಡಿಯೋ ಹಾಕುತ್ತಾರೆ. ಅವತ್ತೂ ಹಾಕಿದ್ದರು. ನೀನು ಹೇಳಿದ್ದೆಲ್ಲ ಕೇಳಿತು.

ಮೌನ ಶುರುವಾದಾಗ ಎಲ್ಲರೂ ಗಲಾಟೆ ಮಾಡಿದರು, ರೇಡಿಯೋ ಕೆಟ್ಟಿತೆಂದು ವಾರ್ಡನ್ ಪೆಟ್ಟಿಗೆಗೆ ಗುದ್ದಿದ. ಮುತ್ತು ನನ್ನ ಎದುರು ಕೂತಿದ್ದ, ನಾನು ಸೀಳಿದ ಹಣೆಯವನು. ಅವನು ಗಲಾಟೆ ಮಾಡಲಿಲ್ಲ, ನಾನೂ ಮಾಡಲಿಲ್ಲ. ಒಂದು ಹೊತ್ತಿಗೆ ಅವನ ಎರಡೂ ಕೈ ಬಲೆಯ ಹಗ್ಗ ಎಳೆಯುವ ಹಾಗೆ ಮುಷ್ಟಿ ಕಟ್ಟಿ ಎದೆಯ ಕಡೆಗೆ ಬಂದವು. ಅದೇ ಕ್ಷಣಕ್ಕೆ ನನ್ನವೂ ಬಂದವು. ಸ್ವಲ್ಪ ಹೊತ್ತಿಗೆ ಮತ್ತೊಮ್ಮೆ. ನೀನು ಸುಮ್ಮನಿದ್ದೆ, ಆದರೂ ನಿನ್ನ ನಗು ಎಲ್ಲೆಲ್ಲಿ ಬರುತ್ತದೆಂದು ನಮ್ಮಿಬ್ಬರ ಕೈಗೂ ಗೊತ್ತಿತ್ತು. ಮುತ್ತು ನನ್ನ ಮುಖ ನೋಡಿದ, “ನಿನ್ ತಂಗಿಯಾ?” ಎಂದ. ಹೌದೆಂದೆ. ಎದ್ದುಹೋಗಿ ಗೋಡೆಯ ಕಡೆ ಮುಖ ಮಾಡಿ ನಿಂತ.

ನೀನು ಒಂದೇ ಮಾತಿನಲ್ಲಿ ಬರೆ ಎಂದಿದ್ದೆ. ಹೌದು, ಹಿತವಾಗಿತ್ತು.

ಮೊನ್ನೆ ಭಾನುವಾರ ಪಟ್ಟಿ ಓದಿದ್ದು ಬೇರೆ ಯಾರೋ. ನಿನ್ನನ್ನು ತೆಗೆದಿದ್ದಾರಾ?

ಕೋರ್ಟಿನಲ್ಲಿ ಎಲ್ಲ ಹೇಳು. ವಕೀಲರ ಮಾತು ಕೇಳಬೇಡ. ಹೊಡೆದದ್ದಕ್ಕೆ ಎಷ್ಟು ವರ್ಷ ಕೊಡುತ್ತಾರೋ ಕೊಡಲಿ. ಆ ಹಾಡು ಕೊಂಡದ್ದಕ್ಕೆ ಎಷ್ಟು ಎಂದು ಜಡ್ಜನ್ನು ನನ್ನ ಪರವಾಗಿ ಒಮ್ಮೆ ಕೇಳು.

ನಿನ್ನ ಅಣ್ಣ,
ರತೀಶ್